ದಿನಾಂಕಗಳ ಪಟ್ಟಿ ಸಣ್ಣ ಕೆಲಸವಲ್ಲ

ಬದಿಯಡ್ಕ
ಮೇ ಕೊನೆಯ ವಾರ

ಪ್ರೀತಿಯ ಶ್ರಾವ್ಯಾ,

ದಿಲ್ಲಿಯಲ್ಲಿ ಸುಪ್ರೀಂ ಕೋರ್ಟ್ ವಕೀಲರ ಚೇಂಬರಿನ ನಿನ್ನ ಇಂಟರ್ನ್‌ಶಿಪ್ ಬಗ್ಗೆ ಬರೆದ ಉದ್ದದ ಮೆಸೇಜು ಓದಿದೆ. ನಿನ್ನ ಅಮ್ಮನಿಗೂ ಓದಿ ಹೇಳಿದೆ, ಪಿಜಿಯ ಊಟದ ಭಾಗ ಮಾತ್ರ ಬಿಟ್ಟು. ಅದನ್ನು ಕೇಳಿದರೆ ಅಕ್ಕ ನಾಳೆಯೇ ಹಲಸಿನ ಹಪ್ಪಳದ ಪಾರ್ಸೆಲ್ ಕಟ್ಟಲು ಕೂರುತ್ತಾಳೆ. ಮೊಬೈಲಿನಲ್ಲಿ ಇಷ್ಟೆಲ್ಲ ಒತ್ತಲು ನನಗೆ ಬೆರಳು ಓಡುವುದಿಲ್ಲ, ಹಾಗಾಗಿ ಕಾಗದದಲ್ಲಿ ಬರೆದು ಫೋಟೊ ತೆಗೆಸಿ ಕಳಿಸುತ್ತಿದ್ದೇನೆ.

ಮೊದಲು ಬೈಯುವುದನ್ನು ಮುಗಿಸಿಬಿಡುತ್ತೇನೆ. ಮೊನ್ನೆ ನೀನು ಸ್ಟೇಟಸ್ ಹಾಕಿದ್ದೆ. ಮೇಜಿನ ಮೇಲೆ ಕಡತಗಳ ರಾಶಿ, ಪಕ್ಕದಲ್ಲಿ ಚಹಾದ ಗ್ಲಾಸು, ಕೆಳಗೆ ‘ಸುಪ್ರೀಂ ಕೋರ್ಟ್ ಲೈಫ್’. ನಾನು ಅದನ್ನು ದೊಡ್ಡದು ಮಾಡಿ ನೋಡಿದೆ. ಮೇಲಿದ್ದ ಕಡತದಲ್ಲಿ ಎರಡೂ ಕಡೆಯವರ ಹೆಸರು ಸ್ಪಷ್ಟ ಕಾಣುತ್ತದೆ. ಗಂಡ ಹೆಂಡತಿಯ ವ್ಯಾಜ್ಯ ಅಂತಲೂ ಗೊತ್ತಾಗುತ್ತದೆ. ಬದಿಯಡ್ಕದಲ್ಲಿ ಕೂತ ನನಗೆ ಅದು ಗೊತ್ತಾಗಬೇಕಾಗಿತ್ತಾ? ಕಾಸರಗೋಡಿನಲ್ಲಿ ವಕೀಲರ ಗುಮಾಸ್ತನಾಗಿಯೇ ತಲೆ ಬೆಳ್ಳಗಾದವನು ನಾನು. ಬಸ್ಸಿನಲ್ಲಿ ಕಡತ ಹಿಡಿದು ಹೋಗುವಾಗ ಹೆಸರಿದ್ದ ಬದಿಯನ್ನು ಎದೆಗೆ ಒತ್ತಿ ಹಿಡಿಯುವುದು ನಮಗೆ ಅಭ್ಯಾಸ. ಪಕ್ಕದ ಸೀಟಿನಲ್ಲಿ ಕಕ್ಷಿಗಾರನ ಭಾವನೇ ಇರಬಹುದು, ಯಾರಿಗೆ ಗೊತ್ತು! ಚಹಾದ ಫೋಟೊ ಬೇಕಾದಷ್ಟು ಹಾಕು. ಕಡತ ಬೇಡ. ಇಲ್ಲಿಗೆ ಬೈಗುಳ ಮುಗಿಯಿತು.

ಇನ್ನು ನಿನ್ನ ಬೇಸರದ ವಿಷಯ. ಜತೆಯಲ್ಲಿರುವವರೆಲ್ಲ ದೊಡ್ಡ ದೊಡ್ಡ ಕಾನೂನು ಕಾಲೇಜಿನವರು, ಅವರಿಗೆ ರಿಸರ್ಚ್ ಸಿಗುತ್ತದೆ, ನನಗೆ ಪುಟಸಂಖ್ಯೆ ಹಾಕುವುದು ಮತ್ತು ಲಿಸ್ಟ್ ಆಫ್ ಡೇಟ್ಸ್, ಅಂದರೆ ಕೇಸಿನಲ್ಲಿ ಯಾವತ್ತು ಏನಾಯಿತು ಎನ್ನುವ ಪಟ್ಟಿ, ಮಾಡುವುದು ಮಾತ್ರ ಅಂತ ಬರೆದಿದ್ದೀ. ಹತ್ತರವರೆಗೆ ಕನ್ನಡ ಮೀಡಿಯಂ ಓದಿದ್ದಕ್ಕೇ ಹೀಗೆ ಅಂತ ಒಂದು ಸಾಲು ಬೇರೆ. ಆ ಸಾಲನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ದಿನಾಂಕಗಳ ಪಟ್ಟಿಯನ್ನು ‘ಮಾತ್ರ’ ಅಂದೆಯಲ್ಲ, ಅದಕ್ಕೆ ನನ್ನ ತಕರಾರು ಉಂಟು.

ಸೋಮವಾರ, ಶುಕ್ರವಾರ ಹೊಸ ಅರ್ಜಿಗಳು ಬರುವ ದಿನ ಒಂದೊಂದು ಪೀಠದ ಮುಂದೆ ಎಷ್ಟು ಕೇಸು ಇರುತ್ತದೆ ಅಂತ ನೀನೇ ಬೋರ್ಡಿನಲ್ಲಿ ನೋಡಿದ್ದೀ. ಒಂದೊಂದಕ್ಕೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಯಾರೂ ಮುನ್ನೂರು ಪುಟ ಓದುವುದಿಲ್ಲ. ಮುಂದುಗಡೆ ಇರುವ ಸಾರಾಂಶ ಮತ್ತು ನೀನು ಮಾಡಿದ ಆ ಪಟ್ಟಿಯನ್ನೇ ಮೊದಲು ನೋಡುವುದು. ಹೈಕೋರ್ಟಿನ ತೀರ್ಪಾಗಿ 90 ದಿನದೊಳಗೆ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ ಹಾಕಬೇಕು. ಒಂದೇ ದಿನ ತಡವಾದರೂ ವಿಳಂಬ ಮನ್ನಾ ಮಾಡಿ ಅಂತ ಬೇರೆ ಅರ್ಜಿ ಬೇಕು. ಈಗ ಹೇಳು, ಪಟ್ಟಿಯಲ್ಲಿ ಒಂದು ಅಂಕಿ ಆಚೀಚೆ ಆದರೆ ಏನಾಗುತ್ತದೆ?

ಪಟ್ಟಿ ಮಾಡುವಾಗ ಕೆಳಗಿನ ಕೋರ್ಟಿನ ತೀರ್ಪಿನಿಂದ ದಿನಾಂಕ ಎತ್ತಿ ಬರೆಯಬೇಡ. ತೀರ್ಪಿನಲ್ಲೂ ಟೈಪಿಂಗ್ ತಪ್ಪು ಇರುತ್ತದೆ. ಮೂಲ ಕಾಗದಕ್ಕೇ ಹೋಗು. ದೃಢೀಕೃತ ನಕಲಾದರೆ ಮೊಹರನ್ನು ಹುಡುಕಿ ನೋಡು. ನಕಲಿಗೆ ಅರ್ಜಿ ಕೊಟ್ಟದ್ದು ಯಾವತ್ತು, ತಯಾರಾದದ್ದು ಯಾವತ್ತು, ಕೈಗೆ ಕೊಟ್ಟದ್ದು ಯಾವತ್ತು ಅಂತ ಅದರಲ್ಲಿ ಬೇರೆ ಬೇರೆ ಇರುತ್ತದೆ. ಮಸಿ ಹರಡಿ 3 ಮತ್ತು 8 ಒಂದೇ ಥರ ಕಾಣುತ್ತವೆ. ಸಂಶಯ ಬಂದರೆ ಪೆನ್ಸಿಲಿನಲ್ಲಿ ಗುರುತು ಹಾಕಿ ಕೇಳು. ಊಹಿಸಿ ಬರೆಯಬೇಡ.

ನಮ್ಮ ಊರಿನದ್ದೇ ಒಂದು ಪಟ್ಟಿ ಹೇಳುತ್ತೇನೆ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎನ್ನುವ ಕೀಟನಾಶಕ ಸುರಿದರು. 2011ರ ಮೇ 13ರಂದು ನೀನು ದಿನಾ ಹತ್ತುವ ಅದೇ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದರ ತಯಾರಿ, ಮಾರಾಟ, ಬಳಕೆ ನಿಲ್ಲಿಸಿತು. 2017ರ ಜನವರಿ 10ರಂದು, ಸಂತ್ರಸ್ತರಿಗೆ ಮೂರು ತಿಂಗಳೊಳಗೆ 5 ಲಕ್ಷ ರೂಪಾಯಿ ಕೊಡಿ ಅಂತ ಆದೇಶ ಮಾಡಿತು. 2022ರ ಮೇ ತಿಂಗಳಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿ ಬಂದಾಗ ನೋಡಿದರೆ, 3,704 ಜನರಲ್ಲಿ ದುಡ್ಡು ಸಿಕ್ಕಿದ್ದು ಎಂಟು ಜನರಿಗೆ. ಯಾವ ಎಂಟು? ಕೋರ್ಟಿಗೆ ಹೋದ ಎಂಟು. ನಾನು ಇದಕ್ಕೆ ಏನೂ ಸೇರಿಸಿಲ್ಲ ನೋಡು, ಬರೀ ದಿನಾಂಕ ಬರೆದೆ. ಪಡ್ರೆ, ಸ್ವರ್ಗದ ಕಡೆ ಹಾಸಿಗೆಯಲ್ಲೇ ಇದ್ದ ಮಕ್ಕಳನ್ನು ನೀನೂ ನೋಡಿದವಳು. ಮೂರು ತಿಂಗಳು ಎನ್ನುವುದಕ್ಕೂ ಐದು ವರ್ಷ ಎನ್ನುವುದಕ್ಕೂ ನಡುವೆ ಏನಿತ್ತು ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಪಿಜಿಯಲ್ಲಿ ಮದ್ರಾಸಿ ಅಂತ ಕರೆಯುತ್ತಾರೆ, ಕೇರಳದವಳಾಗಿ ಮನೆಮಾತು ಕನ್ನಡ ಹೇಗೆ ಅಂತ ಕೇಳಿ ಕೇಳಿ ತಲೆ ತಿನ್ನುತ್ತಾರೆ ಅಂದಿದ್ದೀ. ಮದ್ರಾಸಿ ಅಂದರೆ ನಕ್ಕುಬಿಡು. 1956ರ ನವೆಂಬರ್ 1ರವರೆಗೆ ನಾವು ಮದ್ರಾಸಿಗೇ ಸೇರಿದ್ದವರು ತಾನೇ? ನಿನ್ನ ಮುತ್ತಜ್ಜನ ಜಾಗದ ಕಾಗದಗಳೆಲ್ಲ ಮದ್ರಾಸ್ ಕಾಲದವೇ. ಅದಕ್ಕಾಗಿ ಚಂದ್ರಗಿರಿ ಹೊಳೆ, ಮಹಾಜನ ಆಯೋಗ ಅಂತ ಊಟದ ಮೇಜಿನಲ್ಲಿ ಗಡಿ ವಿವಾದದ ಭಾಷಣಕ್ಕೆ ನಿಲ್ಲಬೇಡ ಮಾರಾಯ್ತಿ. ಗಡಿ ಊರು, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ತುಳು ಎಲ್ಲ ಉಂಟು ಅನ್ನು. ಅಷ್ಟು ಸಾಕು. ಇನ್ನೂ ಕೇಳುವವರು ಸಿಕ್ಕಿದರೆ ಆಗ ಹೇಳು, ಗಮ್ಮತ್ತಾಗಿಯೇ ಹೇಳು.

ಅದಕ್ಕಿಂತ ನಿನಗೆ ಬರುವ ಈ ಭಾಷೆಗಳನ್ನು ಚೇಂಬರಿನಲ್ಲಿ ಉಪಯೋಗಕ್ಕೆ ತಾ. ಕೇರಳದ ಕಡತಗಳಲ್ಲಿ ಮಲಯಾಳದ ಕಾಗದಗಳು ಇದ್ದೇ ಇರುತ್ತವೆ, ಕರ್ನಾಟಕದವುಗಳಲ್ಲಿ ಕನ್ನಡದವು. ಸುಪ್ರೀಂ ಕೋರ್ಟಿಗೆ ಎಲ್ಲವೂ ಇಂಗ್ಲಿಷಿಗೆ ಬಂದೇ ಹೋಗಬೇಕು. ಎರಡನ್ನೂ ಮೂಲದಲ್ಲೇ ಓದಿ ತಾಳೆ ನೋಡುವವರು ಆ ಚೇಂಬರಿನಲ್ಲಿ ಎಷ್ಟು ಜನ ಇದ್ದಾರೆ? ಕೇಳುವವರೆಗೆ ಕಾಯಬೇಡ. ನೀನಾಗಿಯೇ ಹೋಗಿ ನನಗೆ ಬರುತ್ತದೆ ಅಂತ ಹೇಳು. ನಮ್ಮ ಕಡೆಯವರಿಗೆ ಇದೊಂದು ನಾಚಿಕೆ ಜಾಸ್ತಿ.

ಚೇಂಬರಿನ ಗುಮಾಸ್ತರ ಹತ್ತಿರ ಸ್ವಲ್ಪ ಹೊತ್ತು ಕೂರು. ನನ್ನ ಕಸುಬಿನವರು ಅಂತ ಹೇಳುವುದಲ್ಲ, ಸರಿ, ಅದೂ ಸ್ವಲ್ಪ ಇದೆ. ಅಲ್ಲಿ ಎಲ್ಲ ವಕೀಲರೂ ಅರ್ಜಿ ದಾಖಲು ಮಾಡುವ ಹಾಗಿಲ್ಲ, ಅಡ್ವೊಕೇಟ್ ಆನ್ ರೆಕಾರ್ಡ್ ಆದವರೇ ಬೇಕು. ಆದರೆ ರಿಜಿಸ್ಟ್ರಿಯವರು, ಅಂದರೆ ಕೋರ್ಟಿನ ಕಚೇರಿಯವರು, ಅರ್ಜಿಯಲ್ಲಿ ಡಿಫೆಕ್ಟ್ ತೋರಿಸಿ ವಾಪಸು ಕಳಿಸಿದಾಗ ಎಲ್ಲಿ ಏನು ಸರಿಮಾಡಬೇಕು ಅಂತ ಗೊತ್ತಿರುವುದು ಗುಮಾಸ್ತರಿಗೆ. ಕಾಲೇಜಿನ ಯಾವ ಪುಸ್ತಕದಲ್ಲೂ ಅದು ಸಿಗುವುದಿಲ್ಲ. ಕೆಲವೇ ಪೀಠಗಳು ಕೂರುವ ಈ ಬೇಸಗೆಯ ದಿನಗಳಲ್ಲಿ ಅವರಿಗೂ ಸ್ವಲ್ಪ ಪುರುಸೊತ್ತು ಇರುತ್ತದೆ. ಹಳೆಯ, ಮುಗಿದ ಕಡತ ಒಂದು ಕೇಳಿ ತಗೊಂಡು ಮೊದಲ ಪುಟದಿಂದ ಕೊನೆಯ ಆದೇಶದವರೆಗೆ ಓದು. ಅನುಮತಿ ಕೇಳಿ, ಅಲ್ಲೇ ಕೂತು.

ಬಿಸಿಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮಲ್ಲಿ ಬೆವರು ಸುರಿದು ಬುದ್ಧಿ ಹೇಳುತ್ತದೆ. ಅಲ್ಲಿನ ಲೂ ಎನ್ನುವ ಒಣ ಬಿಸಿಗಾಳಿಯಲ್ಲಿ ಬೆವರು ಅಲ್ಲೇ ಆರಿ ಹೋಗುತ್ತದೆ, ನೀರು ಕಡಿಮೆಯಾದದ್ದು ಗೊತ್ತಾಗುವುದಿಲ್ಲ. ಬಾಯಾರುವ ಮೊದಲೇ ಕುಡಿ. ಜಂಗ್‌ಪುರದಿಂದ ಮಂಡಿ ಹೌಸ್, ಅಲ್ಲಿ ಗಾಡಿ ಬದಲಿಸಿದರೆ ಮುಂದಿನದ್ದೇ ಸುಪ್ರೀಂ ಕೋರ್ಟ್ ಸ್ಟೇಷನ್ ಅಂದೆಯಲ್ಲ. ಕರಿ ಕೋಟನ್ನು ಮೆಟ್ರೋದಲ್ಲೇ ಹಾಕಿಕೊಂಡು ಕೂರಬೇಡ, ಗೇಟಿನ ಹತ್ತಿರ ಹಾಕಿದರೆ ಸಾಕು. ಒಂದು ಭಾನುವಾರ ಜನಪಥದ ನ್ಯಾಷನಲ್ ಮ್ಯೂಸಿಯಂಗೆ ಹೋಗಿ ಮೊಹೆಂಜೊದಾರೊದ ಕುಣಿಯುವ ಹುಡುಗಿಯನ್ನು ನೋಡಿ ಬಾ. ಪಾಠದ ಪುಸ್ತಕದ ಚಿತ್ರ ನೋಡಿ ಆಳೆತ್ತರ ಅಂದುಕೊಂಡಿರುತ್ತೀ, ಇರುವುದು ಗೇಣುದ್ದವೂ ಇಲ್ಲ. ಸೋಮವಾರ ಹೋಗಬೇಡ, ಬಾಗಿಲು ಹಾಕಿರುತ್ತದೆ.

ವಾಪಸು ಬರುವುದು ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲೇ ತಾನೇ? ಜೂನ್ ನಡುವಿನ ಹೊತ್ತಿಗೆ ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ಶುರುವಾಗುತ್ತದೆ, ಗಾಡಿಯ ಸಮಯ ಬದಲಾಗುತ್ತದೆ. ಟಿಕೆಟಿನಲ್ಲಿದ್ದ ಸಮಯವನ್ನು ನಂಬಿ ಕೂರದೆ ಹೊರಡುವ ಮೊದಲು ಇನ್ನೊಮ್ಮೆ ನೋಡಿಕೋ. ಕಾಸರಗೋಡು ಸ್ಟೇಷನ್ನಿಗೆ ನಾನೇ ಬರುತ್ತೇನೆ. ಆ ಸ್ಟೇಟಸ್ ಇನ್ನೂ ಇದ್ದರೆ ಈಗಲೇ ತೆಗೆ.

ನಿನ್ನ ಮಾವ