ಮುಂಗಡ ಪಡೆಯುವ ಮೊದಲು

ಪ್ರೀತಿಯ ಮಗುವಿಗೆ, ದೊಡ್ಡಮ್ಮನ ಆಶೀರ್ವಾದಗಳು.

ಮೂಡಿಗೆರೆಯ ನಿನ್ನ ಹೋಂಸ್ಟೇ ನಿಯಮಗಳ ಪಟ್ಟಿಯನ್ನು ಪೂರ್ತಿ ಓದಿದೆ. ತಪ್ಪೇನೂ ಇಲ್ಲ, ಆದರೆ ವಾರಾಂತ್ಯಕ್ಕೆ ಕೋಣೆ ಹುಡುಕುವ ಬೆಂಗಳೂರಿನವರು ಅಷ್ಟುದ್ದ ಓದುವುದಿಲ್ಲ. ಫೋಟೊ, ಬೆಲೆ ನೋಡಿ ಹಣ ಕಟ್ಟಿಬಿಡುತ್ತಾರೆ. ಬಂದು ಸ್ಪೀಕರ್ ಇಳಿಸುವಾಗ ನೀನು ತಡೆದರೆ ಮೋಸ ಹೋದೆವು ಎಂದುಕೊಳ್ಳುತ್ತಾರೆ. ಆ ಸಿಟ್ಟಿನಲ್ಲಿ ನ್ಯಾಯವೂ ಇದೆ, ಮಗು.

ಚಪ್ಪಲಿ ಎಲ್ಲಿ ಬಿಡಬೇಕು, ಗೀಸರ್ ಯಾವಾಗ ಆರಿಸಬೇಕು ಎಂಬುದನ್ನೆಲ್ಲ ಕೋಣೆಯಲ್ಲಿ ಅಂಟಿಸಿದರೆ ಸಾಕು. ಯಾವ ಸಂಗತಿ ಮೊದಲೇ ತಿಳಿದಿದ್ದರೆ ಅವರು ಬರುತ್ತಲೇ ಇರಲಿಲ್ಲವೋ, ಅದಷ್ಟೇ ವಿವರಣೆಯ ಮೊದಲ ಸಾಲುಗಳಲ್ಲಿರಲಿ. ಕೊನೆಯ ದಾರಿಗೆ ಜೀಪೇ ಬೇಕು, ಮೊಬೈಲ್ ಸಿಗ್ನಲ್ ಇಲ್ಲ, ಮಳೆಗಾಲದಲ್ಲಿ ಇಂಬಳ (ಜಿಗಣೆ) ಹತ್ತುತ್ತವೆ, ರಾತ್ರಿ 10ರ ನಂತರ ಅಂಗಳದಲ್ಲಿ ಸಂಗೀತವಿಲ್ಲ. ಕಾರಣವನ್ನೂ ಬರೆ. ‘ತೋಟದೊಳಗೆ ಒಬ್ಬರೇ ಹೋಗಬಾರದು’ ಎಂದಷ್ಟೇ ಬರೆದರೆ ಗದರಿದಂತಿರುತ್ತದೆ. ‘ಇದು ಕಾಡಾನೆ ಓಡಾಡುವ ಜಾಗ, ನಮ್ಮವರು ಜೊತೆಗೆ ಬರುತ್ತಾರೆ’ ಎಂದು ಬರೆದರೆ ಮಕ್ಕಳೂ ಮರೆಯುವುದಿಲ್ಲ. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲೇ ನಿರ್ಬಂಧವಿದೆ. ಅದನ್ನು ತಿಳಿಸಿದರೆ ನಿನ್ನ ಹಟ ಎಂದು ಯಾರೂ ಅನ್ನಲಾರರು.

ಇನ್ನು ಮುಖ್ಯವಾದದ್ದು. ವಾಟ್ಸ್ಆ್ಯಪ್‌ನಲ್ಲಿ ವಿಚಾರಿಸಿದವರಿಗೆ ಮುಂಗಡದ ಕ್ಯೂಆರ್ ಕೋಡನ್ನು ತಕ್ಷಣ ಕಳುಹಿಸಬೇಡ. ಮೊದಲು ಈ ನಾಲ್ಕು ಸಾಲು ಕಳುಹಿಸಿ, ‘ಕಾರು ನಿಲ್ಲಿಸಿ ಜೀಪು ಹತ್ತಲು ಎಷ್ಟು ಗಂಟೆಗೆ ಬರುತ್ತೀರಿ?’ ಎಂದು ಕೇಳು. ಯಾವ ಜೀಪು ಎಂದು ಕೇಳಿದವರು ಓದಿಲ್ಲ. ಅಂಥವರಿಗೆ ಫೋನ್ ಮಾಡಿ, ತಾಳ್ಮೆಯಿಂದ ಬಾಯಲ್ಲೇ ಹೇಳು. ಏರ್‌ಬಿಎನ್‌ಬಿಯಲ್ಲಿ ನಿನ್ನನ್ನು ಕೇಳದೆಯೇ ಖಚಿತವಾಗುವ ತಕ್ಷಣದ ಬುಕ್ಕಿಂಗ್ ನಿಲ್ಲಿಸಿದರೆ ಪ್ರತಿಯೊಂದು ಕೋರಿಕೆಗೂ ಉತ್ತರಿಸಲು 24 ಗಂಟೆ ಸಿಗುತ್ತದೆ, ಅಲ್ಲಿಯೂ ಇದೇ ಪ್ರಶ್ನೆ ಕೇಳಬಹುದು.

ಬುಕ್ ಮಾಡಿದವನು ಓದಿದರೂ ಜೊತೆಗೆ ಬರುವವರಿಗೆ ಏನೂ ಗೊತ್ತಿರುವುದಿಲ್ಲ. ಗಲಾಟೆ ಹೆಚ್ಚಾಗಿ ಶುರುವಾಗುವುದು ಅವರಿಂದಲೇ. ಆದ್ದರಿಂದ ಸಂದೇಶ ಅವರ ಗುಂಪಿಗೆ ಹಾಗೆಯೇ ಕಳುಹಿಸುವಷ್ಟು ಚಿಕ್ಕದಾಗಿರಲಿ, ‘ಎಲ್ಲರಿಗೂ ತೋರಿಸಿ’ ಎಂದು ಕೇಳಿಕೊ.

ಕೆಲವರು ಬೇಡವೆಂದು ಬಿಡುತ್ತಾರೆ, ಬಿಡಲಿ. ಕೋಣೆ ಖಾಲಿ ಉಳಿದೀತೆಂಬ ಭಯಕ್ಕೆ ಇಂಬಳದ ಮಾತನ್ನು ಮಾತ್ರ ಮುಚ್ಚಿಡಬೇಡ.

ಆ ನಾಲ್ಕು ಸಾಲುಗಳನ್ನು ಬರೆದು ಈ ವಾರವೇ ನನಗೆ ಕಳುಹಿಸು, ನೋಡಿ ಹೇಳುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ