ಈ ವರ್ಷವೂ ಹಾಳೆ ಖಾಲಿ ಉಳಿಯಬಾರದು: ವಿದ್ಯಾರ್ಥಿ ನಾಯಕರ ಶಿಬಿರಕ್ಕಾಗಿ ಒಂದು ಮನವಿ

ಕರ್ತನಲ್ಲಿ ಪ್ರಿಯ ಸಹೋದರ ಸಹೋದರಿಯರಿಗೆ ವಂದನೆಗಳು.

ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಕ್ರೈಸ್ತ ವಿದ್ಯಾರ್ಥಿ ಬಳಗದ ಕೋಣೆ ನಿಮಗೆಲ್ಲ ಗೊತ್ತು. ಮೆಟ್ಟಿಲು ಹತ್ತುವಾಗ ತಲೆ ತಗ್ಗಿಸಬೇಕು, ಇಲ್ಲದಿದ್ದರೆ ಸಜ್ಜಾ ಹಣೆಗೆ ಬಡಿಯುತ್ತದೆ. ನಿಮ್ಮಲ್ಲಿ ಎಷ್ಟೋ ಜನ ಅದೇ ಕೋಣೆಯ ಚಾಪೆ ಮೇಲೆ ಕೂತು ಮೊದಲ ಸಲ ಬಾಯಿಬಿಟ್ಟು ಪ್ರಾರ್ಥನೆ ಮಾಡಿದವರು. ಹಾಗಾಗಿ ಬಳಗದ ಚರಿತ್ರೆಯನ್ನು ಮತ್ತೆ ಹೇಳುವುದಿಲ್ಲ. ಕಪಾಟಿನ ಕೆಳಗಿನ ಖಾನೆಯಲ್ಲಿರುವ ನೋಟ್‌ಬುಕ್‌ಗಳ ವಿಷಯ ಮಾತ್ರ ಹೇಳುತ್ತೇನೆ.

ಒಂದೊಂದು ಕಾಲೇಜಿನ ಗುಂಪಿಗೆ ಒಂದೊಂದು ಉದ್ದನೆಯ ನೋಟ್‌ಬುಕ್ ಇದೆ. ಫೈನಲ್ ಇಯರ್ ಮುಗಿಸಿ ಹೋಗುವ ಲೀಡರ್ ತನ್ನ ನಂತರ ಬರುವವರಿಗಾಗಿ ಅದರಲ್ಲಿ ಒಂದು ಪುಟ ಬರೆಯಬೇಕು. ಇದನ್ನು ಯಾರು ಶುರು ಮಾಡಿದರೋ, ತಂತಾನೇ ನಡೆದುಕೊಂಡು ಬಂದಿದೆ. ಒಂದು ಪುಟದಲ್ಲಿ ಹೀಗಿದೆ: "ಸೋಮವಾರ ಪ್ರಾಕ್ಟಿಕಲ್ ಇರುತ್ತದೆ, ಅವತ್ತು ಸೇರಬೇಡಿ. ಕೆಟಲ್ ವೈರ್ ಬಿಸಿ ಆಗುತ್ತದೆ, ಜೋಪಾನ. ಸೆಕೆಂಡ್ ಇಯರ್‌ನಲ್ಲಿ ಒಬ್ಬ ತಂಗಿ ಇದ್ದಾಳೆ, ತಿಂಗಳ ಕೊನೆಗೆ ರಾತ್ರಿ ಊಟ ಬಿಡುತ್ತಾಳೆ. ಕೇಳಿದರೆ ಹಸಿವಿಲ್ಲ ಅಂತಾಳೆ. ಕೇಳಬೇಡ, ಸುಮ್ನೆ ಕರೆದುಕೊಂಡು ಹೋಗಿ ಊಟ ಮಾಡಿಸು."

ಇದನ್ನು ಬರೆದವಳಿಗೆ ಆಗ 20 ವರ್ಷ. ನಾವು ಟ್ರಸ್ಟಿಗಳು ಎಷ್ಟು ಭಾಷಣ ಮಾಡಿದರೂ ಈ ಮೂರು ಸಾಲಿನಷ್ಟು ಚೆನ್ನಾಗಿ ಕುರಿ ಕಾಯುವ ಕೆಲಸವನ್ನು, ಅಂದರೆ ಜೊತೆಯವರನ್ನು ನೋಡಿಕೊಳ್ಳುವುದನ್ನು, ಹೇಳಲಾರೆವು.

ಈ ಸಲ ಜೂನ್‌ನಲ್ಲಿ ಎರಡು ಕಾಲೇಜುಗಳ ನೋಟ್‌ಬುಕ್ ತೆರೆದು ನೋಡಿದೆ. ಕೊನೆಯ ಪುಟ ಖಾಲಿ. ಬರೆಯುವವರು ಇರಲಿಲ್ಲ. ಬರೆದಿದ್ದರೂ ಓದುವವರು ಇರಲಿಲ್ಲ.

ಕಾರಣ ನಿಮ್ಮ ಮುಂದೆ ಮುಚ್ಚಿಡುವುದಿಲ್ಲ. ಹೋದ ವರ್ಷ ದಸರಾ ರಜೆಯಲ್ಲಿ ನಾಯಕರ ಶಿಬಿರ ನಡೆಯಲಿಲ್ಲ. ಶಿಬಿರದ ಜಾಗಕ್ಕೆ ಅಡ್ವಾನ್ಸ್ ಕೊಟ್ಟಿದ್ದೆವು, ಬಸ್ಸಿನವರಿಗೂ ಹೇಳಿದ್ದೆವು. ಹತ್ತು ದಿನ ಇರುವಾಗ ಪರೀಕ್ಷೆಯ ಟೈಮ್‌ಟೇಬಲ್ ಬದಲಾಯಿತು. ಅರ್ಧ ಮಕ್ಕಳಿಗೆ ಶಿಬಿರದ ನಡುವೆಯೇ ಪೇಪರ್ ಬಂತು. ಬೇರೆ ತಾರೀಕಿಗೆ ಜಾಗ ಕೇಳಿದರೆ ಮತ್ತೆ ಅಡ್ವಾನ್ಸ್ ಕೊಡಿ ಅಂದರು, ಮೊದಲು ಕೊಟ್ಟ 40 ಸಾವಿರ ವಾಪಸ್ ಬರಲಿಲ್ಲ. ಕೈಯಲ್ಲಿ ದುಡ್ಡಿರಲಿಲ್ಲ. "ಹೋಗಲಿ ಬಿಡಿ, ಒಂದು ವರ್ಷ ತಾನೆ" ಅಂತ ಟ್ರಸ್ಟಿಗಳ ಸಭೆಯಲ್ಲಿ ಹೇಳಿದವನು ನಾನೇ. ಆ ಮಾತು ಈಗಲೂ ಚುಚ್ಚುತ್ತದೆ.

ನಮ್ಮ ಕಡೆ ರೈತರಿಗೆ ಮುಂಗಾರಿ ಕೈಕೊಟ್ಟರೆ ಹಿಂಗಾರಿ ಅಂತ ಒಂದು ಆಸೆ ಇರುತ್ತದೆ. ಕಾಲೇಜು ಗುಂಪಿಗೆ ಹಿಂಗಾರಿ ಇಲ್ಲ. ಡಿಗ್ರಿ ಅಂದರೆ ಮೂರು ವರ್ಷ, ಆರು ಸೆಮಿಸ್ಟರ್. ಮೊದಲ ವರ್ಷ ಮಗು ಹಾಸ್ಟೆಲ್‌ಗೆ ಹೊಂದಿಕೊಳ್ಳುವುದರಲ್ಲೇ ಕಳೆಯುತ್ತದೆ. ಎರಡನೇ ವರ್ಷ ಕಲಿಯುತ್ತದೆ, ಮೂರನೇ ವರ್ಷ ನಡೆಸುತ್ತದೆ, ಆಮೇಲೆ ಹೊರಟೇ ಹೋಗುತ್ತದೆ. ಕಲಿಯಬೇಕಾದ ಎರಡನೇ ವರ್ಷದಲ್ಲಿ ಕಲಿಸದಿದ್ದರೆ ಮುಂದಿನ ವರ್ಷ ನಡೆಸುವವರೇ ಇಲ್ಲ. ಸಭೆಗಳಲ್ಲಾದರೆ, ಅಂದರೆ ಚರ್ಚುಗಳಲ್ಲಾದರೆ, ಹಿರಿಯರು ಮೂವತ್ತು ವರ್ಷ ಅದೇ ಬೆಂಚಿನಲ್ಲಿ ಕೂತಿರುತ್ತಾರೆ. (ಕೆಲವರು ಏಳುವುದೂ ಇಲ್ಲ, ಅದು ಬೇರೆ ಮಾತು.) ಕಾಲೇಜಿನಲ್ಲಿ ಹಾಗಿಲ್ಲ. ಒಂದು ವರ್ಷ ಬಿತ್ತನೆ ಬೀಜ ತಪ್ಪಿತು, ಎರಡು ಗುಂಪು ನಿಂತೇ ಹೋದವು.

ಸತ್ಯವೇದದಲ್ಲಿ ಪೌಲನು ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಎರಡನೇ ಅಧ್ಯಾಯ, ಎರಡನೇ ವಚನ ನಮ್ಮ ಕೋಣೆಯ ಗೋಡೆಯ ಮೇಲಿದೆ. ಪೌಲ ಹೇಳಿದ್ದನ್ನು ತಿಮೊಥೆಯ ಕೇಳಬೇಕು. ಅವನು ಅದನ್ನು ನಂಬಿಗಸ್ತರಿಗೆ ಒಪ್ಪಿಸಬೇಕು. ಅವರು ಬೇರೆಯವರಿಗೆ ಕಲಿಸಬೇಕು. ಒಂದೇ ವಚನದಲ್ಲಿ ನಾಲ್ಕು ತಲೆಮಾರು. ಆ ಬೋರ್ಡನ್ನು ದಿನಾ ನೋಡುತ್ತಲೇ ನಾವು ಒಂದು ತಲೆಮಾರು ಬಿಟ್ಟುಬಿಟ್ಟೆವು.

ಬಳಗಕ್ಕೆ ಹೊಸಬರಾದ ದಾನಿಗಳು "ಲೀಡರ್‌ಶಿಪ್ ಟ್ರೇನಿಂಗ್ ಅಂದರೆ ಏನು ಮಾಡುತ್ತೀರಿ? ಮೈಕ್ ಹಿಡಿಯುವುದನ್ನು ಕಲಿಸುತ್ತೀರಾ?" ಅಂತ ಕೇಳುತ್ತಾರೆ. ಮೈಕ್ ನಮ್ಮ ಹತ್ತಿರ ಇಲ್ಲವೇ ಇಲ್ಲ. ಕೆಲಸ ಬಹಳ ಸಣ್ಣದು, ನಿಧಾನದ್ದು. ಒಬ್ಬ ಸೆಕೆಂಡ್ ಇಯರ್ ಹುಡುಗನಿಗೆ ಒಬ್ಬ ಅಣ್ಣ, ಒಬ್ಬ ಹುಡುಗಿಗೆ ಒಬ್ಬ ಅಕ್ಕ. ವಾರಕ್ಕೆ ಒಂದು ಗಂಟೆ. ಮೊದಲು ಅಟೆಂಡೆನ್ಸ್, ಬ್ಯಾಕ್ ಪೇಪರ್, ಮನೆಯ ಸಂಗತಿ ಕೇಳುತ್ತಾರೆ. ಆಮೇಲೆ ಸತ್ಯವೇದ ತೆರೆಯುತ್ತಾರೆ. ಬೈಬಲ್ ಸ್ಟಡಿ ನಡೆಸುವವನು ತಾನೇ ಪ್ರಸಂಗ ಮಾಡಬಾರದು, ಪ್ರಶ್ನೆ ಕೇಳಿ ಸುಮ್ಮನಿರಬೇಕು. ಆ ಸುಮ್ಮನಿರುವುದನ್ನು ಕಲಿಯುವುದಕ್ಕೇ ಆರು ತಿಂಗಳು ಬೇಕು. ಕಾಣಿಕೆ ಲೆಕ್ಕವನ್ನು ಅವತ್ತೇ ಬರೆಯುವುದು, ಜ್ವರ ಬಂದವನ ರೂಮಿಗೆ ಗಂಜಿ ಒಯ್ಯುವುದು, ಇಬ್ಬರು ಮಾತು ಬಿಟ್ಟರೆ ಮೂರನೆಯವನ ಕಿವಿಗೆ ಹಾಕದೆ ಸರಿಮಾಡುವುದು, ಇದೆಲ್ಲ ಪಾಠವೇ. ಕಾಲೇಜಿನ ಆವರಣದಲ್ಲಿ ನಾವು ಸಭೆ ಮಾಡುವುದಿಲ್ಲ. ಕ್ರೈಸ್ತ ಮನೆಗಳಿಂದ ಬಂದ ಮಕ್ಕಳು ಶುಕ್ರವಾರ ಸಂಜೆ ಕೋಣೆಗೆ ಬರುತ್ತಾರೆ, ಅಷ್ಟೇ.

ನಾಲ್ಕು ದಿನದ ಶಿಬಿರ ಇದಕ್ಕೆಲ್ಲ ಬುನಾದಿ. ಅಲ್ಲಿ ಅಣ್ಣ-ಅಕ್ಕಂದಿರು ಯಾರು, ಅವರ ಕೈಕೆಳಗೆ ಯಾರು ಅನ್ನುವುದು ತೀರ್ಮಾನವಾಗುತ್ತದೆ. ಒಬ್ಬೊಬ್ಬರೂ ಎದ್ದು ನಿಂತು ಒಂದು ಬೈಬಲ್ ಸ್ಟಡಿ ನಡೆಸಿ ತೋರಿಸಬೇಕು. ಉಳಿದವರು ತಪ್ಪು ಹೇಳುತ್ತಾರೆ. ಅಳುವವರು ಅಳುತ್ತಾರೆ, ರಾತ್ರಿ ಊಟದ ಹೊತ್ತಿಗೆ ನಗುತ್ತಾರೆ.

ಆರೇಳು ವರ್ಷದ ಹಿಂದೆ ಬಾದಾಮಿ ತಾಲೂಕಿನಿಂದ ಒಬ್ಬ ಹುಡುಗ ಬಂದ. ಅಪ್ಪ ಅವ್ವ ಗೋವಾಕ್ಕೆ ಕೂಲಿಗೆ ಹೋಗುತ್ತಿದ್ದರು, ಅಜ್ಜಿ ಸಾಕಿದ ಮಗ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಬಿಎಸ್ಸಿಗೆ ಸೇರಿ ಮೊದಲ ಸೆಮಿಸ್ಟರ್‌ನಲ್ಲೇ ಎರಡು ಪೇಪರ್ ಹೋಯಿತು. ಕೋಣೆಗೆ ಬಂದರೆ ಬಾಗಿಲ ಪಕ್ಕ ಚಪ್ಪಲಿ ಬಿಡುವ ಜಾಗದಲ್ಲೇ ಕೂರುತ್ತಿದ್ದ. ಶಿಬಿರಕ್ಕೆ ಕರೆದಾಗ ಹೇಳಿದ್ದು ಒಂದೇ ಮಾತು: "ಅಣ್ಣಾ, ನನಗ ಮಂದಿ ಮುಂದ ಮಾತಾಡಾಕ ಬರಂಗಿಲ್ರಿ." ಅವನ ಜತೆ ಇದ್ದ ಅಣ್ಣ ಮಾತಾಡು ಅಂತ ಒತ್ತಾಯ ಮಾಡಲಿಲ್ಲ. ಒಂದು ವರ್ಷ ಶುಕ್ರವಾರದ ಚಹಾದ ಜವಾಬ್ದಾರಿ ಕೊಟ್ಟ. ಚಹಾ ಕೊಡುವವನಿಗೆ ಎಲ್ಲರ ಹೆಸರು ಗೊತ್ತಿರಬೇಕು ನೋಡಿ. ಸಕ್ಕರೆ ಯಾರಿಗೆ ಬೇಡ, ಯಾರು ಬರಲಿಲ್ಲ, ಯಾರ ಮುಖ ಬಾಡಿದೆ, ಎಲ್ಲ ಅವನಿಗೇ ಮೊದಲು ತಿಳಿಯುತ್ತಿತ್ತು. ಮೂರನೇ ವರ್ಷ ಅವನೇ ಲೀಡರ್ ಆದ. ಹೋದ ಎರಡು ಪೇಪರೂ ಪಾಸಾದವು. ಈಗ ಗದಗ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಮೊದಲ ಸಂಬಳದಲ್ಲಿ ಬಳಗಕ್ಕೆ ಒಂದು ಹೊಸ ಕೆಟಲ್ ಕಳಿಸಿದ. ಅದರ ವೈರ್ ಬಿಸಿ ಆಗುವುದಿಲ್ಲ!

ಇಂಥವರು ಎಷ್ಟು ಜನ ಅಂತ ಹೇಳಲು ಹೊರಟರೆ ಪತ್ರ ಮುಗಿಯುವುದಿಲ್ಲ. ನರ್ಸ್‌ಗಳು, ಶಿಕ್ಷಕರು, ಕೃಷಿ ಇಲಾಖೆಯವರು, ನಾಲ್ಕು ಸಭೆಗಳ ಹಿರಿಯರು, ಮೂವರು ಸಭಾಪಾಲಕರು. ಕೊರೋನಾ ಲಾಕ್‌ಡೌನ್‌ನಲ್ಲಿ ಊರಿಗೆ ಹೋಗಲಾಗದೆ ಉಳಿದ ಮಕ್ಕಳಿಗೆ ದಿನಸಿ ಮುಟ್ಟಿಸಿದ್ದು ಇದೇ ಹುಡುಗರು. ಯಾವ ಮನೆಯ ಮಗು ಅಂತ ಅವರು ಕೇಳಲಿಲ್ಲ. ಕ್ರಿಸ್ಮಸ್ ಕ್ಯಾರೋಲ್ ಸ್ಪರ್ಧೆಯಲ್ಲಿ ಎರಡು ವರ್ಷ ಸತತವಾಗಿ ಶೀಲ್ಡ್ ಗೆದ್ದಿದ್ದೂ ನಿಮಗೆ ನೆನಪಿರಬೇಕು. ಟೆನರ್ ಹಾಡುವವರು ಇಬ್ಬರೇ ಇದ್ದರು, ಒಬ್ಬನಿಗೆ ನೆಗಡಿ. ಆದರೂ ಗೆದ್ದೆವು. ಶೀಲ್ಡ್ ಈಗಲೂ ಕಪಾಟಿನ ಮೇಲಿದೆ.

ಎಳೆಯರನ್ನು ನಂಬಿ ಬೆಳೆಸುವ ವಿಷಯದಲ್ಲಿ ಧಾರವಾಡದವರಿಗೆ ಹೆಮ್ಮೆ ಸ್ವಲ್ಪ ಜಾಸ್ತಿಯೇ ಅನ್ನಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, ಕೆಲವೇ ವರ್ಷಗಳಲ್ಲಿ ಧಾರವಾಡಕ್ಕೂ ಹುಬ್ಬಳ್ಳಿಗೂ ಬಂದರು. ಅದೇ ಮಿಷನ್ನಿನ ಕಿಟೆಲ್ ಸಾಹೇಬರ ಹೆಸರು ಇಲ್ಲಿನ ಕಾಲೇಜಿಗೇ ಇದೆ. ಅವರು 1853ರಲ್ಲಿ ಈ ನೆಲಕ್ಕೆ ಕಾಲಿಟ್ಟಾಗ ವಯಸ್ಸು 21. ನಮ್ಮ ಫೈನಲ್ ಇಯರ್ ಹುಡುಗರ ವಯಸ್ಸು. ಅವರ ಕನ್ನಡ ನಿಘಂಟು ಅಚ್ಚಾಗಿ ಬಂದದ್ದು 1894ರಲ್ಲಿ. ನಡುವೆ ನಲವತ್ತು ವರ್ಷ. ಯಾರೋ ಆ ಹುಡುಗನನ್ನು ನಂಬಿ ಖರ್ಚು ಮಾಡಿ ಕಳಿಸಿದ್ದಕ್ಕೆ ಇವತ್ತು ಕನ್ನಡಕ್ಕೆ ಆ ನಿಘಂಟು ಇದೆ. ಭಾರತದಲ್ಲಿ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ 1912ರಿಂದ, ಯುಇಎಸ್‌ಐ (ಯೂನಿಯನ್ ಆಫ್ ಇವ್ಯಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾ) 1954ರಿಂದ ಈ ಕೆಲಸದಲ್ಲಿವೆ. ನಮ್ಮ ಮೊದಲ ಟ್ರಸ್ಟಿಗಳು ಇಂಥ ಶಿಬಿರಗಳಲ್ಲೇ ಕಲಿತು ಬಂದವರು. ವಿದ್ಯಾರ್ಥಿಗಳ ಕೆಲಸವನ್ನು ವಿದ್ಯಾರ್ಥಿಗಳೇ ನಡೆಸಬೇಕು, ದೊಡ್ಡವರು ಹಿಂದೆ ನಿಲ್ಲಬೇಕು ಅನ್ನುವುದನ್ನು ಅವರು ಅಲ್ಲಿಂದಲೇ ತಂದರು. ಹಿಂದೆ ನಿಲ್ಲುವುದು ಅಂದರೆ ಜೇಬಿಗೆ ಕೈ ಹಾಕುವುದೂ ಸೇರಿದೆ.

ಅಂತೂ ದುಡ್ಡಿನ ಮಾತಿಗೆ ಬಂದೆ. ಖಜಾಂಚಿಯವರು ಇದನ್ನೇ ಮೊದಲು ಬರೆಯಿರಿ ಅಂದಿದ್ದರು.

ಈ ಸಲದ ಶಿಬಿರ ದಸರಾ ರಜೆಯಲ್ಲೇ. ಐದು ಕಾಲೇಜುಗಳಿಂದ 60 ಮಕ್ಕಳು ಬರುತ್ತಾರೆ. ಊಟ, ವಸತಿ, ಬಸ್ಸು ಎಲ್ಲ ಸೇರಿ ತಲೆಗೆ ಸುಮಾರು 2,500 ರೂಪಾಯಿ ಬೀಳುತ್ತದೆ, ಒಟ್ಟು ಒಂದೂವರೆ ಲಕ್ಷ. ಮಕ್ಕಳಿಂದ 500 ರೂಪಾಯಿ ಮಾತ್ರ ತೆಗೆದುಕೊಳ್ಳುತ್ತೇವೆ. ಅದನ್ನೂ ಕೊಡಲಾಗದವರು ಹದಿನೈದಿಪ್ಪತ್ತು ಜನ ಇದ್ದೇ ಇರುತ್ತಾರೆ. ಜಾಗದವರಿಗೆ ಸೆಪ್ಟೆಂಬರ್ 20ರೊಳಗೆ 60 ಸಾವಿರ ಅಡ್ವಾನ್ಸ್ ಕಟ್ಟಬೇಕು. ಪರೀಕ್ಷೆ ಬದಲಾದರೆ ತಾರೀಕು ಬದಲಿಸಿಕೊಡುತ್ತೇವೆ ಅಂತ ಈ ಸಲ ಬರೆಸಿಕೊಂಡಿದ್ದೇವೆ. ಪೆಟ್ಟು ತಿಂದ ಮೇಲೆ ಬುದ್ಧಿ ಬಂತು.

ಇನ್ನೊಂದು ವಿಷಯ ಬರೆಯಲು ನಾಚಿಕೆ. ನಮ್ಮಲ್ಲಿ ಪೂರ್ಣ ಸಮಯ ಸೇವೆಗೆ ಇರುವವರು ಒಬ್ಬರೇ. ಗೌರವಧನ ತಿಂಗಳಿಗೆ 18 ಸಾವಿರ. ಅದೂ ನಾಲ್ಕು ತಿಂಗಳಿಂದ ಕೊಟ್ಟಿಲ್ಲ. ಆ ಸಹೋದರ ಒಂದು ದಿನವೂ ಬಾಯಿಬಿಟ್ಟು ಕೇಳಿಲ್ಲ. ಆದರೆ ಮೊನ್ನೆ ಅವರ ಬೈಕ್ ಕಾಣಲಿಲ್ಲ. ಕೇಳಿದರೆ "ನಡೆಯುವುದು ಆರೋಗ್ಯಕ್ಕೆ ಒಳ್ಳೆಯದು ಸಾರ್" ಅಂದರು. ಆಮೇಲೆ ಬೇರೆಯವರಿಂದ ಗೊತ್ತಾಯಿತು, ಮಗಳ ಶಾಲೆ ಫೀಸಿಗೆ ಮಾರಿದ್ದಾರೆ. ಸಪ್ತಾಪುರದಿಂದ ಕೃಷಿ ವಿಶ್ವವಿದ್ಯಾಲಯದವರೆಗೆ ಈ ಜಿಟಿಜಿಟಿ ಮಳೆಯಲ್ಲಿ ಮಕ್ಕಳನ್ನು ನೋಡಲು ನಡೆದೋ ಬಸ್ಸಿನಲ್ಲೋ ಹೋಗುತ್ತಾರೆ.

ಬಾಕಿ ಗೌರವಧನ, ಮಾರ್ಚ್‌ವರೆಗಿನ ಗೌರವಧನ, ಕೋಣೆ ಬಾಡಿಗೆ, ಶಿಬಿರ ಎಲ್ಲ ಕೂಡಿ 4 ಲಕ್ಷದ ಹತ್ತಿರ ಬೇಕು. ಒಮ್ಮೆಗೇ ಅಲ್ಲ. ಮೊದಲು ಆ 60 ಸಾವಿರ, ಆಮೇಲೆ ಸಹೋದರನ ಬಾಕಿ 72 ಸಾವಿರ, ಉಳಿದದ್ದು ನಿಧಾನಕ್ಕೆ. ಒಬ್ಬ ವಿದ್ಯಾರ್ಥಿಯ ಶಿಬಿರದ ಖರ್ಚನ್ನು ನೀವು ಹೊತ್ತರೆ, ಆ ಮಗು ಕೊಡುವ 500 ಕಳೆದು, 2,000 ರೂಪಾಯಿ. ಹಳೆಯ ಬಳಗದ 30 ಜನ ಒಬ್ಬೊಬ್ಬರನ್ನು ಹೊತ್ತುಕೊಂಡರೆ ಅಡ್ವಾನ್ಸ್ ಮುಗಿಯಿತು. ತಿಂಗಳಿಗೆ 200 ರೂಪಾಯಿ ಕಳಿಸುವವರೂ ಇದ್ದಾರೆ. ಅದು ಸಣ್ಣದು ಅಂತ ನಾವು ಯಾವತ್ತೂ ಅಂದಿಲ್ಲ. ಮಿಜೋರಾಮಿನ ಸಭೆಗಳ ತಾಯಂದಿರು ಅಡುಗೆಗೆ ಮುಂಚೆ ಒಂದು ಹಿಡಿ ಅಕ್ಕಿ ತೆಗೆದಿಟ್ಟು, ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ದೇವರ ಸೇವೆಗೆ ಕೊಡುತ್ತಿದ್ದಾರೆ. ನಮ್ಮ ಒಂದು ಸಭೆಯವರು ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಯನ್ನು ಬಳಗದ ಹೆಸರಿಗೆ ಬಿಟ್ಟರು, 3,100 ರೂಪಾಯಿ ಬಂತು. ಕೊಂಡವರು ಅದನ್ನೂ ನಮಗೇ ಕೊಟ್ಟರು. ಎರಡು ಶುಕ್ರವಾರ ಕುಂಬಳಕಾಯಿ ಸಾಂಬಾರು.

ಕೆಲವು ಕಿವಿಮಾತು. ಖಾತೆಯ ವಿವರ ನಿಮ್ಮ ಸಭೆಯ ಕಾರ್ಯದರ್ಶಿಗಳ ಹತ್ತಿರ ಇದೆ, ಹಳೆಯ ರಸೀದಿಯ ಹಿಂಬದಿಯಲ್ಲೂ ಇದೆ. ವಾಟ್ಸಾಪ್‌ನಲ್ಲಿ ಬೇರೆ ಯಾವ ನಂಬರ್ ಬಂದರೂ ನಂಬಬೇಡಿ. ತೆರಿಗೆ ವಿನಾಯಿತಿಗೆ ಬೇಕಾದ 80ಜಿ ಸರ್ಟಿಫಿಕೇಟ್ ಕೊಡಲು ನಮ್ಮಿಂದ ಆಗುವುದಿಲ್ಲ, ಬಹಳ ಜನ ಕೇಳುತ್ತಾರೆ ಅಂತ ಹೇಳಿದೆ. ಗಲ್ಫ್‌ನಲ್ಲೋ ಬೇರೆಲ್ಲೋ ಇರುವವರು ಭಾರತದ ಪಾಸ್‌ಪೋರ್ಟ್ ಹೊಂದಿದ್ದರೆ ನಿಮ್ಮ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಬಹುದು. ಬೇರೆ ದೇಶದ ಪೌರತ್ವ ಪಡೆದವರು ದಯವಿಟ್ಟು ಕಳಿಸಬೇಡಿ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗೆ ಇಲ್ಲ, ಹಣ ವಾಪಸ್ ಮಾಡುವುದೇ ದೊಡ್ಡ ಕೆಲಸ. ನಿಮ್ಮ ಪ್ರಾರ್ಥನೆಗೆ ಯಾವ ನೋಂದಣಿಯೂ ಬೇಕಿಲ್ಲ.

ಹಣ ಆಗದಿದ್ದರೆ ನಿಮ್ಮ ಸಮಯ ಕೊಡಿ. ಧಾರವಾಡ-ಹುಬ್ಬಳ್ಳಿಯಲ್ಲಿ ಇರುವವರು ವಾರಕ್ಕೆ ಒಂದು ಗಂಟೆ ಒಬ್ಬ ಹುಡುಗನಿಗೋ ಹುಡುಗಿಗೋ ಅಣ್ಣನಾಗಿ ಅಕ್ಕನಾಗಿ ಬನ್ನಿ. ನಿಂತುಹೋದ ಎರಡು ಗುಂಪುಗಳಲ್ಲಿ ಒಂದರಿಂದ ಮೊನ್ನೆ ಇಬ್ಬರು ಫಸ್ಟ್ ಇಯರ್ ಹುಡುಗಿಯರು ತಾವಾಗಿಯೇ ಕೋಣೆ ಹುಡುಕಿಕೊಂಡು ಬಂದಿದ್ದರು. ನೋಟ್‌ಬುಕ್ ತೆಗೆದು ಓದಿ, ಆ ಊಟ ಬಿಡುವ ಅಕ್ಕ ಈಗ ಎಲ್ಲಿದ್ದಾಳೆ ಅಂತ ಕೇಳಿದರು. ಬೆಳಗಾವಿಯಲ್ಲಿ ನರ್ಸ್ ಅಂತ ಹೇಳಿದೆ.

ನಂಬಿಕೆ ಬಾರದಿದ್ದರೆ ಬಂದು ನೋಡಿ. ಶುಕ್ರವಾರ ಸಂಜೆ 6 ಗಂಟೆ, ಚಹಾ ಇರುತ್ತದೆ. ಸಜ್ಜಾ ಜೋಪಾನ.

ಟ್ರಸ್ಟಿಗಳ ಪರವಾಗಿ,
ಕಾರ್ಯದರ್ಶಿ
ಧಾರವಾಡ