ಪ್ಯಾನಲ್ ಡಿಸ್ಕಷನ್ ಅಂದ್ರೆ ಜನಕ್ಕೂ ಮೈಕ್ ಕೊಡ್ಬೇಕಲ್ವಾ?

ಸಂಪಾದಕರೇ,

ಮೊನ್ನೆ ನಗರದ ಒಂದು ಮ್ಯೂಸಿಯಂನವ್ರು ವೀರಗಲ್ಲುಗಳ ಬಗ್ಗೆ ಪ್ಯಾನಲ್ ಡಿಸ್ಕಷನ್ ಇಟ್ಕೊಂಡಿದ್ರು, ನನ್ನನ್ನೂ ಮಾತಾಡೋಕೆ ಕರೆದಿದ್ರು, ಖುಷಿಯಿಂದಾನೇ ಹೋದೆ. ಆದ್ರೆ ಸ್ವಾಗತ, ದೀಪ ಹಚ್ಚೋದು, ಶಾಲು-ಹಾರ, ಸ್ಪಾನ್ಸರ್ ಭಾಷಣ ಅಂತ ಅರ್ಧ ಟೈಮ್ ಅಲ್ಲೇ ಹೋಯ್ತು, ಉಳಿದಿದ್ದೆಲ್ಲಾ ಇಂಗ್ಲಿಷು. ಕಲ್ಲಿನ ಮೇಲಿರೋದು ಹಳಗನ್ನಡ, ಎದುರಿಗೆ ಕೂತಿದ್ದೋರು ಹೆಚ್ಚಿನವ್ರು ಕನ್ನಡದವ್ರೇ, ಮತ್ತೆ ಇದ್ಯಾವ ಶೋಕಿ ಸ್ವಾಮಿ!

ನಾನಂತೂ ಆತಕೂರು ಕಲ್ಲಿನ ಕಥೆ ಕನ್ನಡದಲ್ಲೇ ಹೇಳ್ದೆ. ಕ್ರಿ.ಶ. 949ರ ಸುಮಾರಿನದು, ಮಂಡ್ಯ ಕಡೆಯದು, ಈಗ ಕಸ್ತೂರ್ಬಾ ರಸ್ತೆ ಸರ್ಕಾರಿ ಮ್ಯೂಸಿಯಂನಲ್ಲಿದೆ. ತಮಿಳುನಾಡಿನ ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಕಾದಾಡಿದ ಮಣಲೇರ ಅನ್ನೋ ವೀರನಿಗೆ ರಾಜ ಏನ್ ಬೇಕೋ ಕೇಳು ಅಂದ್ರೆ, ಅವನು ಊರು ಕೇರಿ ಕೇಳ್ಲಿಲ್ಲ, ಕಾಳಿ ಅನ್ನೋ ನಾಯಿ ಕೊಡಿ ಅಂದ. ಆಮೇಲೆ ಆ ನಾಯಿ ಕಾಡುಹಂದಿ ಜೊತೆ ಕಾದಾಡಿ ಎರಡೂ ಸತ್ವು, ಅದಕ್ಕೇ ಈ ಕಲ್ಲು. ಹಂದಿ ಮೇಲೆ ನಾಯಿ ಎರಗಿರೋ ಚಿತ್ರಾನೂ ಕೆತ್ತಿದ್ದಾರೆ, ಹೋಗಿ ನೋಡಿ.

ಇದನ್ನ ಕೇಳಿ ಹಿಂದಿನ ಸಾಲಿನ ಹಿರಿಯರೊಬ್ರು ಎದ್ದು, ನಮ್ಮೂರ ಕೆರೆ ಏರಿ ಹತ್ರಾನೂ ಇಂಥದ್ದೊಂದು ಕಲ್ಲಿದೆ, ಅದ್ರ ಮೇಲೆ ಬಟ್ಟೆ ಒಗೀತಾರೆ, ಯಾರಿಗೆ ಹೇಳ್ಬೇಕು ಅಂತ ಕೇಳಿದ್ರು. ಇಡೀ ಸಂಜೆಗೆ ಅದೊಂದೇ ಕೆಲಸದ ಪ್ರಶ್ನೆ. ಅಷ್ಟರಲ್ಲಿ ಟೈಮ್ ಆಯ್ತು ಅಂತ ಮೈಕ್ ಕಿತ್ಕೊಂಡ್ರು!

ಮುಂದಿನ ಸಲ ಹಾರ ಬೇಡ, ಆ ಹೊತ್ತನ್ನ ಪ್ರಶ್ನೆಗಳಿಗೆ ಬಿಡಿ, ಪುರಾತತ್ವ ಇಲಾಖೆಯವ್ರನ್ನೂ ಒಬ್ರನ್ನ ವೇದಿಕೆ ಮೇಲೆ ಕೂರ್ಸಿ.

ಒಬ್ಬ ಓದುಗ,
ಬಸವನಗುಡಿ, ಬೆಂಗಳೂರು